ಕುರ್ಚಿಯ ಕುಶನ್ ಮತ್ತು ಸ್ವೀಡನ್ನಿನ ನೆಲ

ಸ್ವೀಡನ್ನಿನ ಉಮಿಯೊದಲ್ಲಿರುವ ಮಗಳು ಒಂದು ಫೋಟೋ ಕಳುಹಿಸಿದಳು. ಹಳೆಯ ದೋಣಿಮನೆ, ಬಾಗಿಲಿಗೆ ಮೊಣಕಾಲೆತ್ತರದ ಹುಲ್ಲು, ನೀರು ಎಲ್ಲೋ ದೂರದಲ್ಲಿ. "ಸಮುದ್ರ ಹಿಂದೆ ಹೋಯಿತೇ?" ಎಂದು ಕೇಳಿದೆ. "ಇಲ್ಲ ಅಪ್ಪಾ, ನೆಲವೇ ಏಳುತ್ತಿದೆ" ಎಂದಳು.

ಮುಂಬಯಿಯ ಮಸ್ಜಿದ್ ಬಂದರಿನ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷ ಕುಳಿತವನು ನಾನು. ಮಧ್ಯಾಹ್ನ ಎದ್ದರೆ ಕುರ್ಚಿಯ ಕುಶನ್ ತಕ್ಷಣ ಉಬ್ಬುತ್ತಿರಲಿಲ್ಲ. ಮೆಲ್ಲಗೆ, ಮನಸ್ಸಿಲ್ಲದಂತೆ ಏಳುತ್ತಿತ್ತು. ಅಲ್ಲಿಯೂ ಹಾಗೆಯೇ. ಹಿಮಯುಗದಲ್ಲಿ ನೆಲವನ್ನು ಅದುಮಿ ಕುಳಿತಿದ್ದ ಸುಮಾರು 3 ಕಿಲೋಮೀಟರ್ ದಪ್ಪದ ಹಿಮ ಕರಗಿ ಹತ್ತು ಸಾವಿರ ವರ್ಷವಾಗುತ್ತಾ ಬಂದರೂ ನೆಲ ಇನ್ನೂ ವರ್ಷಕ್ಕೆ ಹತ್ತಿರ ಹತ್ತಿರ 1 ಸೆಂಟಿಮೀಟರ್ ಏಳುತ್ತಿದೆ. 1731ರಲ್ಲಿ ಸೆಲ್ಸಿಯಸ್, ಅದೇ ಥರ್ಮಾಮೀಟರಿನ ಮಹಾಶಯ, ಕಡಲಬಂಡೆಯೊಂದರ ಮೇಲೆ ನೀರಿನ ಮಟ್ಟವನ್ನು ಗುರುತು ಹಾಕಿಸಿದ. ನೀರೇ ಕಡಿಮೆಯಾಗುತ್ತಿದೆ ಎಂದುಕೊಂಡಿದ್ದ, ಪಾಪ. ನಾನೂ ಹಾಗೆಯೇ ಅಂದುಕೊಂಡೆನಲ್ಲ!

ನಮ್ಮ ಮುಂಬಯಿಯ ಮೇಲೆ ಹಿಮ ಕುಳಿತಿರಲಿಲ್ಲ. ನಮಗೆ ಬಂದದ್ದು ಕರಗಿದ ನೀರು: 20,000 ವರ್ಷಗಳ ಹಿಂದೆ ಜಗತ್ತಿನ ಸಮುದ್ರಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. 1870ರ ದಶಕದಲ್ಲಿ ಇಲ್ಲಿ ಹಡಗುಗಳಿಗಾಗಿ ಪ್ರಿನ್ಸೆಸ್ ಡಾಕ್ ಅಗೆದಾಗ ಕೆಸರಿನಡಿ ಬೇರುಸಹಿತ ನಿಂತ ಮರಗಳು ಸಿಕ್ಕವು. ಅಲ್ಲಿ ನೆಲವೂ ಕುಸಿದಿರಬೇಕು ಎಂಬ ವಾದವಿದೆ. ಮರಗಳು ಖೈರ್, ಅಂದರೆ ನಮ್ಮ ಕಗ್ಗಲಿ. ಬೀಡಾಕ್ಕೆ ಹಚ್ಚುವ ಕಾಚು ಅದರದ್ದೇ. ಹೋಟೆಲಿನಿಂದ ಆ ಡಾಕಿಗೆ ನಡೆದೇ ಹೋಗಬಹುದಿತ್ತು. ಊಟ ಮುಗಿಸಿದ ಗಿರಾಕಿಗಳಿಗೆ ಎಷ್ಟು ಸಾವಿರ ಬೀಡಾ ಮಾರಿದ್ದೇನೋ, ಈ ಸಂಗತಿ ಮಾತ್ರ ತಿಳಿದಿರಲಿಲ್ಲ.