ಶೀಲಾಳ ಸಿಟ್ಟು, ಈವಾಳ ಕೆಲಸ

ಇಂಗ್ಲಿಷ್ ಲೇಖಕ ಜೆ.ಬಿ. ಪ್ರೀಸ್ಟ್ಲಿಯವರ 'ಆನ್ ಇನ್ಸ್‌ಪೆಕ್ಟರ್ ಕಾಲ್ಸ್' ನಾಟಕ ಮತ್ತೆ ಓದಿದೆ. 1945ರಲ್ಲಿ ಬರೆದದ್ದು, ಕಥೆ ನಡೆಯುವುದು 1912ರ ಇಂಗ್ಲೆಂಡಿನಲ್ಲಿ, ಒಬ್ಬ ಕಾರ್ಖಾನೆ ಮಾಲೀಕನ ಮನೆಯಲ್ಲಿ. ಈವಾ ಅನ್ನುವ ಹುಡುಗಿಯ ಸಾವಿನ ಬಗ್ಗೆ ಆ ಮನೆಯವರನ್ನು ವಿಚಾರಿಸಲು ಒಬ್ಬ ಇನ್ಸ್‌ಪೆಕ್ಟರ್ ಬರುತ್ತಾನೆ. ಎಲ್ಲರೂ ಆ ಇನ್ಸ್‌ಪೆಕ್ಟರ್ ಬಗ್ಗೆಯೇ ಮಾತಾಡುತ್ತಾರೆ, ನನ್ನ ತಲೆಯಲ್ಲಿ ಕೂತವಳು ಮಾತ್ರ ಮಾಲೀಕನ ಮಗಳು ಶೀಲಾ.

ಅವಳು ಮಾಡಿದ್ದೇನು? ಬಟ್ಟೆ ಅಂಗಡಿಯಲ್ಲಿ ಅಮ್ಮ ಬೇಡ ಅಂದರೂ ಹಟ ಹಿಡಿದು ಒಂದು ಡ್ರೆಸ್ ಹಾಕಿ ನೋಡುತ್ತಾಳೆ, ಅದು ಒಪ್ಪುವುದಿಲ್ಲ, ಆದರೆ ಅದನ್ನೇ ಸುಮ್ನೆ ಮೈಮೇಲೆ ಹಿಡಿದು ತೋರಿಸಿದ ಕೆಲಸದ ಹುಡುಗಿ ಈವಾಗೆ ಎಷ್ಟು ಚೆನ್ನಾಗಿ ಒಪ್ಪಿತ್ತು! ಈವಾ ನಕ್ಕಿದ್ದು ಕನ್ನಡಿಯಲ್ಲಿ ಕಾಣಿಸಿತು. ಅಷ್ಟೇ. ಇವಳನ್ನು ತೆಗೆಯದಿದ್ದರೆ ಈ ಕಡೆ ತಲೆ ಹಾಕುವುದಿಲ್ಲ ಅಂತ ಮ್ಯಾನೇಜರ್‌ಗೆ ಹೇಳಿಬಂದಳು. ಹುಡುಗಿಯ ಕೆಲಸ ಹೋಯಿತು. ಅದಕ್ಕೂ ಮೊದಲು, ವಾರಕ್ಕೆ 25 ಶಿಲಿಂಗ್ ಕೂಲಿ ಕೇಳಿದ ತಪ್ಪಿಗೆ ಅವಳನ್ನು ತನ್ನ ಕಾರ್ಖಾನೆಯಿಂದ ಹೊರಗೆ ಹಾಕಿದ್ದು ಶೀಲಾಳ ಅಪ್ಪನೇ!

ಈವಾ ಸತ್ತಳು ಅಂತ ಕೇಳಿ ಶೀಲಾ ಅತ್ತಳು ಸರಿ, ಅಳುವುದೇನು ದೊಡ್ಡ ವಿಷಯವಲ್ಲ ಅಲ್ವಾ. ನನಗೆ ಹಿಡಿಸಿದ್ದು ಆಮೇಲಿನದು. ಬಂದವನು ನಿಜವಾದ ಇನ್ಸ್‌ಪೆಕ್ಟರ್ ಅಲ್ಲ ಅಂತ ಗೊತ್ತಾದ ತಕ್ಷಣ ಅಪ್ಪ ಅಮ್ಮ ನಿರಾಳವಾಗಿ ನಗುತ್ತಾರೆ, ಇವಳೂ ಸಹೋದರ ಎರಿಕ್‌ನೂ ನಗುವುದಿಲ್ಲ. ಅವನು ಯಾರಾದರೇನು, ನಾವು ಮಾಡಿದ್ದು ಮಾಡಿದ್ದೇ ಅನ್ನುವುದು ಅವಳ ವಾದ. ಮದುವೆ ಗೊತ್ತಾಗಿದ್ದ ಹುಡುಗ ಎಲ್ಲ ಸರಿಹೋಯಿತಲ್ಲ ಅಂತ, ಅವಳು ವಾಪಸ್ ಕೊಟ್ಟಿದ್ದ ಉಂಗುರ ಮತ್ತೆ ಚಾಚಿದರೆ, ಈಗಲೇ ಬೇಡ, ಯೋಚನೆ ಮಾಡಬೇಕು ಅನ್ನುತ್ತಾಳೆ. ಆ ಮನೆಯಲ್ಲಿ ಯೋಚನೆ ಮಾಡಬೇಕು ಅಂದವರು ಬೇರೆ ಯಾರೂ ಇಲ್ಲ ನೋಡಿ.