ಲೈಫ್‌ಬೋಟ್ ಇಂಜಿನ್ ಚೆಕ್

ಇವತ್ತು ಲೈಫ್‌ಬೋಟ್ ಇಂಜಿನ್ ಚೆಕ್. ಸೋಲಾಸ್ (ಹಡಗುಗಳ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ) ರೂಲ್ ಪ್ರಕಾರ ವಾರಕ್ಕೊಂದ್ಸಲ ಕನಿಷ್ಠ 3 ನಿಮಿಷ ಓಡಿಸ್ಬೇಕು, ಆದ್ರೆ ನಂಗೆ ಸ್ಟಾರ್ಟ್ ಮಾಡೋಕೆ ಮುಂಚಿನ ಕೆಲಸಾನೇ ಮುಖ್ಯ ಅನ್ಸುತ್ತೆ, ಪ್ರೊಪೆಲ್ಲರ್ ಹತ್ರ ಯಾರೂ ಇಲ್ಲ ಅಂತ ನೋಡಿ, ಗೇರ್ ನ್ಯೂಟ್ರಲ್‌ಗೆ ತಂದು, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ಎಳೆದು ಒರೆಸಿ ಮತ್ತೆ ಅದ್ದಿ ನೋಡ್ಬೇಕು, ಆಯಿಲ್ ಬೆಳ್ಳಗೆ ಹಾಲಿನ ಥರ ಕಂಡ್ರೆ ನೀರು ಸೇರಿದೆ ಅಂತ, ಸ್ಟಾರ್ಟ್ ಮಾಡ್ಲೇಬಾರ್ದು. ಬ್ಯಾಟರಿ ಎರಡಿದ್ರೆ ಎರಡರಲ್ಲೂ ಬೇರೆ ಬೇರೆ ಸ್ಟಾರ್ಟ್ ಮಾಡಿ, ಯಾವಾಗ್ಲೂ ಒಂದನ್ನೇ ನಂಬ್ಕೊಂಡಿದ್ರೆ ಇನ್ನೊಂದು ಸತ್ತಿರೋದೇ ಗೊತ್ತಾಗಲ್ಲ. ಹೊಸ ಹುಡುಗ್ರ ಕೈಲೇ ಮಾಡಿಸ್ತೀನಿ ನಾನು, ಕತ್ತಲಲ್ಲಿ ಅಲೆ ಮಧ್ಯೆ ಆ ಬಟನ್ ಯಾರು ಒತ್ತಬೇಕಾಗುತ್ತೋ ಯಾರಿಗ್ಗೊತ್ತು. ಆಮೇಲೆ ಆಯಿಲ್ ಪ್ರೆಶರ್ ನೋಡಿ, ಗೇರ್ ಸ್ವಲ್ಪ ಮುಂದೆ ಹಿಂದೆ ಹಾಕಿ, ನೀರಲ್ಲಿಲ್ದೆ ಜಾಸ್ತಿ ಹೊತ್ತು ಓಡಿಸ್ಬೇಡಿ, ಬಿಸಿ ಆಗುತ್ತೆ. ಮುಗಿದ್ಮೇಲೆ ಚಾರ್ಜರ್ ಕನೆಕ್ಷನ್ ಸರಿಯಾಗಿದ್ಯಾ ಅಂತ ಇನ್ನೊಂದ್ಸಲ ನೋಡ್ಕೊಳ್ಳಿ.