ಮೇಜಿನ ಮೇಲೆ ಬಿಚ್ಚಿಟ್ಟ ಟೈ

ಜರ್ಮನಿಯ ಸಾರ್ವಜನಿಕ ವಾಹಿನಿ ಎಆರ್‌ಡಿಯಲ್ಲಿ ರಾತ್ರಿ ಎಂಟಕ್ಕೆ ಬರುವ ‘ಟಾಗೆಸ್‌ಶೌ’ ವಾರ್ತೆಯನ್ನು ಮೈಸೂರಿನಲ್ಲಿ ಕುಳಿತು ನೇರವಾಗಿ ನೋಡಬೇಕೆಂದರೆ ಅವರ ಬೇಸಿಗೆಯಲ್ಲಿ ಹನ್ನೊಂದೂವರೆಯವರೆಗೆ, ಚಳಿಗಾಲದಲ್ಲಿ ಹನ್ನೆರಡೂವರೆಯವರೆಗೆ ಎಚ್ಚರವಾಗಿರಬೇಕು. ಜರ್ಮನ್ ಕಲಿಯುವ ಹುಚ್ಚಿನಿಂದ ಸರಸ್ವತಿಪುರಂನ ನಮ್ಮ ಮನೆಯಲ್ಲಿ ನಾನು ಆ ನಿದ್ದೆಗೇಡನ್ನು ಒಪ್ಪಿಕೊಂಡವನು. ಆ ವಾರ್ತೆಯ ವಾಚಕರಾಗಿದ್ದ ಯಾನ್ ಹೋಫರ್ ಅವರ ದನಿ ಪರಿಚಯವಾದದ್ದು ಹಾಗೆ.

1952ರ ಡಿಸೆಂಬರ್ 26ರಂದು ಹ್ಯಾಂಬರ್ಗ್‌ನಿಂದ ಆರಂಭವಾದ ಈ ಕಾರ್ಯಕ್ರಮದಲ್ಲಿ, ಸಂಪಾದಕರು ಬರೆದುಕೊಟ್ಟದ್ದನ್ನು ಹದಿನೈದು ನಿಮಿಷದಲ್ಲಿ ಸ್ಪಷ್ಟವಾಗಿ ಓದುವುದಷ್ಟೇ ವಾಚಕರ ಕೆಲಸ. 1976ರಲ್ಲಿ ಡಾಗ್ಮಾರ್ ಬೆರ್ಗ್‌ಹೋಫ್ ಬರುವವರೆಗೆ ಅಲ್ಲಿ ಮಹಿಳೆಯೊಬ್ಬರು ವಾರ್ತೆ ಓದಿರಲಿಲ್ಲ ಎಂದರೆ ಆ ಪೀಠದ ಬಿಗಿ ಎಷ್ಟೆಂದು ತಿಳಿಯುತ್ತದೆ. 1980ರ ದಶಕದ ಮಧ್ಯದಲ್ಲಿ ಸೇರಿದ ಹೋಫರ್ 2004ರಲ್ಲಿ ಮುಖ್ಯ ವಾಚಕರಾದರು. ಅಷ್ಟು ವರ್ಷ ದಿನದ ಸುದ್ದಿಯ ಬಗ್ಗೆ ಅವರ ಸ್ವಂತ ಅಭಿಪ್ರಾಯವೇನೆಂದು ಆ ಮೇಜಿನಿಂದ ವೀಕ್ಷಕರಿಗೆ ಗೊತ್ತಾಗಲಿಲ್ಲ. ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಸಾಧನೆ ಅದೇ. ನಾಲ್ಕು ಜನರನ್ನು ಕೂರಿಸಿ ಕೂಗಾಡಿಸುವುದನ್ನೇ ವಾರ್ತೆ ಎನ್ನುವ ನಮ್ಮ ವಾಹಿನಿಗಳ ನಡುವೆ ಈ ಸಂಯಮ ನೀರಸವಾಗಿ ಕಾಣಬಹುದು. ಆದರೆ 1935ರಲ್ಲಿಯೇ ಡಾ. ಎಂ.ವಿ. ಗೋಪಾಲಸ್ವಾಮಿಯವರ ಪ್ರಯತ್ನದಿಂದ ಬಾನುಲಿ ಕೇಳಿದ ಊರಿನವರಿಗೆ, ಆಕಾಶವಾಣಿಯ ವಾರ್ತೆಗೆ ಗಡಿಯಾರ ಸರಿಪಡಿಸಿಕೊಂಡು ಬೆಳೆದವರಿಗೆ, ಅದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

2019ರ ಮಾರ್ಚ್‌ನಲ್ಲಿ ಒಂದು ರಾತ್ರಿ ನೇರ ಪ್ರಸಾರದ ಕೊನೆಯಲ್ಲಿ ಅವರು ಅಸ್ವಸ್ಥರಾಗಿ ತಡವರಿಸಿದಾಗ ದೇಶವೇ ಗಾಬರಿಯಾಯಿತು. ನಂತರ ಚೇತರಿಸಿಕೊಂಡು ಮರಳಿದರು. 2020ರ ಡಿಸೆಂಬರ್ 14ರಂದು ಕೊನೆಯ ವಾರ್ತೆ ಮುಗಿಸಿ, ಕತ್ತಿನ ಟೈಯನ್ನು ಕ್ಯಾಮೆರಾದ ಎದುರೇ ಸಡಿಲಿಸಿ, ಬಿಚ್ಚಿ, ಮೇಜಿನ ಮೇಲಿಟ್ಟರು. ಬೇರೆ ಯಾರಾದರೂ ಮಾಡಿದ್ದರೆ ಇದೊಂದು ಸಣ್ಣ ತಮಾಷೆಯಾಗಿ ಕಳೆದುಹೋಗುತ್ತಿತ್ತು. ಮೂರು ದಶಕಕ್ಕೂ ಹೆಚ್ಚು ಕಾಲ ತಮ್ಮನ್ನು ಸುದ್ದಿಯ ಹಿಂದೆಯೇ ಇರಿಸಿಕೊಂಡವರು ಮಾಡಿದ್ದರಿಂದ ಅದೇ ಸುದ್ದಿಯಾಯಿತು.

ಮರುವರ್ಷವೇ ಅವರು ಖಾಸಗಿ ವಾಹಿನಿ ಆರ್‌ಟಿಎಲ್‌ನ ನೃತ್ಯ ಸ್ಪರ್ಧೆಯಲ್ಲಿ ಕುಣಿದರು, ಆಗಸ್ಟ್‌ನಿಂದ ಅಲ್ಲಿಯೇ ಹೊಸ ವಾರ್ತಾ ಕಾರ್ಯಕ್ರಮವನ್ನೂ ನಡೆಸತೊಡಗಿದರು. ಗಾಂಭೀರ್ಯ ಕಳೆದುಕೊಂಡರೆಂಬ ಆಕ್ಷೇಪ ನನಗೆ ಒಪ್ಪಿಗೆಯಿಲ್ಲ. ಎಪ್ಪತ್ತರ ಆಸುಪಾಸಿನಲ್ಲಿ ಮನುಷ್ಯ ಕುಣಿಯಬಾರದೆಂದು ಯಾವ ವಾರ್ತಾ ಸಂಪಾದಕರೂ ಬರೆದುಕೊಟ್ಟಿಲ್ಲವಲ್ಲ!